ಹಳೇ ಆಟ, ಹೊಸ ಬಣ್ಣ

ದೆಹಲಿಯ ಚಳಿಗಾಲ ಹೇಗಿದೆ ಅಂತ ಊರಿನವರು ಕೇಳಿದರೆ ನಾನು ಚಳಿಯ ಮಾತು ಆಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಈಗ ಹೇಳುವುದೆಲ್ಲ ಹೊಗೆಯ ಬಗ್ಗೆ. 2024ರ ನವೆಂಬರಿನಲ್ಲಿ ಆ ಹೊಗೆ ಎಷ್ಟಾಯಿತೆಂದರೆ, ದೆಹಲಿ ಮತ್ತು ನಾವಿರುವ ನೊಯಿಡಾದ ಶಾಲೆಗಳು ಬಾಗಿಲು ಹಾಕಿ ಪಾಠವನ್ನು ಆನ್‌ಲೈನ್ ಮಾಡಿಬಿಟ್ಟವು. ಎಂಟನೇ ಕ್ಲಾಸಿನ ನನ್ನ ಮಗ ಮಧ್ಯಾಹ್ನಕ್ಕೆ ಪಾಠ ಮುಗಿಸುತ್ತಿದ್ದ. ಹೊರಗೆ ಹೋಗುವ ಹಾಗಿಲ್ಲ, ಕಿಟಕಿ ತೆರೆಯುವ ಹಾಗೂ ಇಲ್ಲ. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಕೊಂಡು ಕೂತ. ಯಾವ ಆಟವೆಂದು ಇಣುಕಿ ನೋಡಿದೆ. ಏಜ್ ಆಫ್ ಎಂಪೈರ್ಸ್, ಎರಡನೆಯ ಭಾಗ.

ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಬೆರಳೆಣಿಕೆಯಷ್ಟು ಹಳ್ಳಿಗರಿಂದ ಶುರುಮಾಡಿ, ಮರ ಕಡಿಸಿ, ಗದ್ದೆ ಮಾಡಿಸಿ, ಕೋಟೆ ಕಟ್ಟಿ, ಕೊನೆಗೆ ಪಕ್ಕದ ರಾಜ್ಯದ ಮೇಲೆ ದಂಡೆತ್ತಿ ಹೋಗುವ ಆಟ ಅದು. 1999ರಲ್ಲಿ ಬಂದದ್ದು. ನನ್ನ ಇಪ್ಪತ್ತರ ಹರೆಯದ ಎಷ್ಟು ರಾತ್ರಿಗಳನ್ನು ಅದು ತಿಂದುಹಾಕಿದೆ ಎಂದು ನನ್ನ ಹೆಂಡತಿಗೂ ಪೂರ್ತಿ ಗೊತ್ತಿಲ್ಲ. ಮಗ ಆಡುತ್ತಿದ್ದದ್ದು ಮಾತ್ರ ಅದಲ್ಲ. ಇಪ್ಪತ್ತು ವರ್ಷಗಳ ನಂತರ, 2019ರ ನವೆಂಬರಿನಲ್ಲಿ, ಚಿತ್ರಗಳನ್ನೆಲ್ಲ ಹೊಸದಾಗಿ ಬರೆದು, ಅಲ್ಲಲ್ಲಿ ತಿದ್ದಿ ಬಿಡುಗಡೆ ಮಾಡಿದ ಡೆಫಿನಿಟಿವ್ ಎಡಿಷನ್.

"ಇದು ಹೀಗಿರಲಿಲ್ಲ ಕಣೋ," ಅಂದೆ.

"ಹೇಗಿತ್ತು?"

"ಗದ್ದೆಯ ಫಸಲು ಮುಗಿದರೆ ನಾವೇ ಹೋಗಿ ಮತ್ತೆ ಬಿತ್ತಬೇಕಿತ್ತು. ಅರವತ್ತು ಸೌದೆ ಕೊಡಬೇಕಿತ್ತು. ಯುದ್ಧದ ಗಡಿಬಿಡಿಯಲ್ಲಿ ಮರೆತರೆ ಮುಗೀತು, ಊಟಕ್ಕಿಲ್ಲದೆ ಸೈನ್ಯವೇ ನಿಂತುಹೋಗ್ತಿತ್ತು. ಇಲ್ಲಿ ನೋಡಿದರೆ ತಾನಾಗೇ ಬಿತ್ತಿಕೊಳ್ತಾ ಇದೆ."

"ಈಗಲೂ ಅರವತ್ತು ಹೋಗತ್ತೆ ಅಪ್ಪ. ನಾನು ಪ್ರತಿಸಲ ಕ್ಲಿಕ್ ಮಾಡಬೇಕಾಗಿಲ್ಲ, ಬಸ್."

"ಅದೇ ಮೋಸ."

"ಯಾರಿಗೆ ಮೋಸ?"

ಅವನೇನೂ ಎದುರು ಮಾತಾಡಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ. ಅದೇ ವಾರ ಊರಿನಿಂದ ಅಣ್ಣ ಫೋನು ಮಾಡಿ ಹಳೇ ಮನೆಯ ವಿಷಯ ಎತ್ತಿದ್ದ, ಅಲ್ಲಿಯೂ ನಾನು ಹೀಗೇ ಉತ್ತರ ಕೊಡದೆ ಫೋನು ಇಟ್ಟಿದ್ದೆ. ಆ ಎರಡೂ ಒಂದೇ ಪ್ರಶ್ನೆ ಎಂದು ಹೊಳೆಯಲು ಇನ್ನೂ ಕೆಲವು ದಿನ ಬೇಕಾಯಿತು.

ಮಗನಿಗೆ ಅಸಲಿ ಆಟ ತೋರಿಸಬೇಕೆಂದು ಹಠ ಹುಟ್ಟಿತು. ಹಳೆಯ ಸಿಡಿ ಟ್ರಂಕಿನ ತಳದಲ್ಲಿ ಇತ್ತು. ಆದರೆ ಈಗಿನ ಲ್ಯಾಪ್‌ಟಾಪುಗಳಿಗೆ ಸಿಡಿ ಹಾಕುವ ಬಾಯಿಯೇ ಇಲ್ಲವಲ್ಲ! ಶನಿವಾರ ಬೆಳಿಗ್ಗೆ ಮಾಸ್ಕು ಹಾಕಿಕೊಂಡು ನೆಹರೂ ಪ್ಲೇಸಿಗೆ ಹೊರಟೆ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಮೆಜೆಂಟಾ ಲೈನಿನ ಮೆಟ್ರೋ ಹಿಡಿದು, ಕಾಲ್ಕಾಜಿ ಮಂದಿರದಲ್ಲಿ ವೈಲೆಟ್ ಲೈನಿಗೆ ಬದಲಾಯಿಸಿದರೆ ಮುಂದಿನದೇ ನೆಹರೂ ಪ್ಲೇಸ್.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ದೆಹಲಿಯವರಿಗೆ ನೆಹರೂ ಪ್ಲೇಸ್ ಹಾಗೆ. ಕಂಪ್ಯೂಟರಿಗೆ ಸಂಬಂಧಪಟ್ಟ ಏನು ಬೇಕಾದರೂ ಸಿಗುತ್ತದೆ, ರಿಪೇರಿಯೂ ಆಗುತ್ತದೆ. ನಾನು ಮೊದಲು ಅಲ್ಲಿಗೆ ಕಾಲಿಟ್ಟದ್ದು 2001ರಲ್ಲಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಈ ಊರಿಗೆ ಬಂದು, ಮುನಿರ್ಕಾದ ಒಂದು ಮೂರನೇ ಮಹಡಿಯ ಕೋಣೆಯಲ್ಲಿ ಇನ್ನೂ ಮೂವರು ಕನ್ನಡದ ಹುಡುಗರ ಜತೆ ಸೇರಿಕೊಂಡಿದ್ದೆ. ನಾಲ್ವರೂ ದುಡ್ಡು ಹಾಕಿ ಬಿಡಿಭಾಗ ಜೋಡಿಸಿದ ಒಂದು ಕಂಪ್ಯೂಟರ್ ಕೊಂಡೆವು. ಮೆಟ್ಟಿಲಿಳಿಯುವಾಗ ಒಬ್ಬ ಹುಡುಗ ಪಕ್ಕದಲ್ಲೇ ನಡೆಯುತ್ತ, ನಮ್ಮ ಮುಖ ನೋಡದೆ, "ಗೇಮ್ಸ್, ಸಾಫ್ಟ್‌ವೇರ್, ಗೇಮ್ಸ್" ಎಂದು ಜಪ ಮಾಡಿದ. ನಮ್ಮಲ್ಲೊಬ್ಬ ತನಗೆ ಬರುವಷ್ಟು ಹಿಂದಿಯಲ್ಲಿ "ಒರಿಜಿನಲ್ ಹೈ ಕ್ಯಾ?" ಅಂದ. ಹುಡುಗ ನಕ್ಕುಬಿಟ್ಟ. ಒರಿಜಿನಲ್ ಬೇಕಾದರೆ ಮೇಲಿನ ಅಂಗಡಿಗೆ ಹೋಗಿ, ಸಾವಿರಾರು ರೂಪಾಯಿ ಕೊಡಿ, ಇಲ್ಲಿ ನೂರಕ್ಕೆ ಎರಡು ಎಂದ. ನೂರು ಕೊಟ್ಟೆವು.

ಹೌದು, ನನ್ನ ಟ್ರಂಕಿನ ತಳದಲ್ಲಿದ್ದ ಆ 'ಅಸಲಿ' ಆಟ ಕದ್ದ ಮಾಲು. ಕವರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹೆಸರು, ಅದರಲ್ಲೂ ಎಂಪೈರ್‌ನ ಸ್ಪೆಲಿಂಗು ತಪ್ಪು. ಜಾಗ ಉಳಿಸಲೆಂದು ಯಾರೋ ಪುಣ್ಯಾತ್ಮ ಹಿನ್ನೆಲೆ ಸಂಗೀತವನ್ನೂ ನಡುವಿನ ಚಲನಚಿತ್ರದ ತುಣುಕುಗಳನ್ನೂ ಕತ್ತರಿಸಿ ಹಾಕಿದ್ದ. ಇಷ್ಟು ವರ್ಷ ಆ ಆಟಕ್ಕೆ ಸಂಗೀತವೇ ಇಲ್ಲ ಎಂದು ನಾನು ನಂಬಿದ್ದೆ. ಮಗನ ಪಕ್ಕ ಕೂತಾಗ ಸಂಗೀತ ಕೇಳಿ, ನೋಡು, ಇದೆಲ್ಲ ಹೊಸದಾಗಿ ತುರುಕಿದ್ದು ಎಂದು ಗೊಣಗಿದ್ದೂ ಆಯಿತು. ಆಮೇಲೆ ವಿಚಾರಿಸಿದರೆ ಸಂಗೀತ 1999ರಲ್ಲೇ ಇತ್ತು. ಇಲ್ಲದೆ ಇದ್ದದ್ದು ನನ್ನ ನೂರು ರೂಪಾಯಿಯ ಸಿಡಿಯಲ್ಲಿ.

ಒರಿಜಿನಲ್ ಅನ್ನುವ ಮಾತಿನ ಮೇಲೆ ನನಗೆ ಅನುಮಾನ ಹುಟ್ಟಿದ್ದು ಅಲ್ಲಿಂದ. ಆ ಎಳೆ ಹಿಡಿದು ಇನ್ನೂ ಹಿಂದೆ ಹೋದೆ.

ನಾನು ಕಂಪ್ಯೂಟರನ್ನು ಮೊದಲು ಮುಟ್ಟಿದ್ದು 1996ರಲ್ಲಿ, ಶಿವಮೊಗ್ಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವ ಹಾಗೆ ಒಳಗೆ ಹೋಗಬೇಕಿತ್ತು. ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿಸುತ್ತಿದ್ದರು. ಸರ್ ಕಾಫಿಗೆ ಹೋದ ಹತ್ತು ನಿಮಿಷದಲ್ಲಿ ಎಲ್ಲರೂ ಮುಗಿಬೀಳುತ್ತಿದ್ದದ್ದು ಪ್ರಿನ್ಸ್ ಆಫ್ ಪರ್ಷಿಯಾ ಆಟಕ್ಕೆ. ಬಿಳಿ ಬಟ್ಟೆಯ ರಾಜಕುಮಾರ ನೆಲಮಾಳಿಗೆಯಿಂದ ಓಡಿ, ಹಾರಿ, ಜೋತುಬಿದ್ದು, ಅರವತ್ತು ನಿಮಿಷದೊಳಗೆ ರಾಜಕುಮಾರಿಯ ಹತ್ತಿರ ತಲುಪಬೇಕು. ನಮ್ಮದು ಕಪ್ಪು ಬಿಳುಪಿನ ಪರದೆ. ಕೆಳಗೆ ಬಿದ್ದರೆ ಪೆಟ್ಟಿಗೆಯೊಳಗಿಂದ ಒಂದು ಕೀರಲು ಸದ್ದು. ನನ್ನ ಪಾಲಿಗೆ ಆ ಆಟ ಅಂದರೆ ಅಷ್ಟೇ. 2007ರಲ್ಲಿ ಅದಕ್ಕೆ ಹೊಸ ಚಿತ್ರ, ಹೊಸ ಬೆಳಕು ಕೊಟ್ಟು ಪ್ರಿನ್ಸ್ ಆಫ್ ಪರ್ಷಿಯಾ ಕ್ಲಾಸಿಕ್ ಎಂದು ಮತ್ತೆ ಬಿಟ್ಟಾಗ, ಚಿತ್ರ ನೋಡಿಯೇ ಇದು ನಮ್ಮ ರಾಜಕುಮಾರ ಅಲ್ಲ ಎಂದು ತಳ್ಳಿಹಾಕಿದ್ದೆ.

ಆದರೆ ನಮ್ಮ ರಾಜಕುಮಾರ ಯಾರು? ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ಆ ಆಟವನ್ನು ಬರೆದದ್ದು ಆಪಲ್ ಟೂ ಎಂಬ ಯಂತ್ರಕ್ಕೆ. ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ಮಾಡಿಕೊಂಡು, ಅದನ್ನು ಒಂದೊಂದೇ ಚಿತ್ರವಾಗಿ ತಿದ್ದಿ ರಾಜಕುಮಾರನ ನಡಿಗೆ ಮಾಡಿದ. ಅದು ಬಂದದ್ದು 1989ರಲ್ಲಿ. ನಾವು ಆಡಿದ ಡಾಸ್‌ನ ಆಟ ಅದರ ಮರುವರ್ಷ ಬಂದ, ಚಿತ್ರಗಳು ಇನ್ನಷ್ಟು ಚೆನ್ನಾಗಿದ್ದ ರೂಪ. ಅದಕ್ಕೂ ಬಣ್ಣವಿತ್ತು. ಶಿವಮೊಗ್ಗದ ಪರದೆಗೆ ಇರಲಿಲ್ಲ, ಅಷ್ಟೆ. ನಾನು ಮೂಲ ಎಂದು ಎದೆಗೆ ಅಪ್ಪಿಕೊಂಡದ್ದೇ ಒಂದು ಪರಿಷ್ಕೃತ ಆವೃತ್ತಿ, ಅದನ್ನೂ ಅರ್ಧಂಬರ್ಧ ನೋಡಿದ್ದು.

1971ರ ಕಸ್ತೂರಿ ನಿವಾಸಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ತೆರೆಗೆ ತಂದದ್ದು ನಿಮಗೆ ನೆನಪಿರಬಹುದು. ಕಪ್ಪು ಬಿಳುಪನ್ನು ಮುಟ್ಟಬಾರದಿತ್ತು ಎಂದು ನಾನು ಇಲ್ಲಿಂದಲೇ ಫೋನಿನಲ್ಲಿ ಅಮ್ಮನ ಹತ್ತಿರ ಭಾಷಣ ಮಾಡಿದ್ದೆ. ಅಮ್ಮ ಅದನ್ನು ಹೊಸತರಲ್ಲಿ ಟೆಂಟಿನಲ್ಲಿ ನೋಡಿದವಳು. "ನಂಗೆ ಹಿಂದಿನ ಸಾಲಲ್ಲಿ ಕೂತು ಸರಿ ಕಂಡೇ ಇರಲಿಲ್ಲ ಮಾರಾಯ, ಈಗ ಚಂದ ಮಾಡಿ ಕಂಡಿತು," ಅಂದಳು. ಸಿನಿಮಾ ಬಂದಾಗ ಹುಟ್ಟಿಯೇ ಇರದ ನನಗೆ ಮೂಲದ ಬಗ್ಗೆ ಇದ್ದ ಮಡಿ ಅವಳಿಗೆ ಇರಲಿಲ್ಲ.

ಹಾಗಾದರೆ ಹೊಸದೇ ಮೇಲು ಅಂತೀಯಾ ಎಂದು ನೀವು ಕೇಳಬಹುದು. ಹಾಗೂ ಅಲ್ಲ. ಆದರೆ ಮೂಲ ಎಂದರೆ ಶುದ್ಧ, ತಿದ್ದಿದ್ದೆಲ್ಲ ಕಲಬೆರಕೆ ಎಂಬ ಲೆಕ್ಕ ಅಷ್ಟು ಸಲೀಸಲ್ಲ. ಏಜ್ ಆಫ್ ಎಂಪೈರ್ಸನ್ನೇ ನೋಡಿ. 1999ರ ಆಟದಲ್ಲಿ ಹದಿಮೂರು ಜನಾಂಗಗಳಿದ್ದವು. ಬ್ರಿಟನ್ನರು, ಫ್ರಾಂಕರು, ಚೀನೀಯರು, ಜಪಾನೀಯರು, ಮಂಗೋಲರು, ಪರ್ಷಿಯನ್ನರು, ತುರ್ಕರು ಹೀಗೆ. ಭಾರತ ಅನ್ನುವುದು ಇರಲೇ ಇಲ್ಲ. ಮುನಿರ್ಕಾದ ಕೋಣೆಯಲ್ಲಿ ನಾಲ್ವರು ಕನ್ನಡಿಗರು ರಾತ್ರಿಯಿಡೀ ಆಡಿದ್ದು ತುರ್ಕರಾಗಿ, ಬ್ರಿಟನ್ನರಾಗಿ. ನಮಗದು ಕೊರತೆ ಅಂತಲೂ ಅನ್ನಿಸಿರಲಿಲ್ಲ. 2013ರಲ್ಲಿ ಬಂದ ವಿಸ್ತರಣೆಯಲ್ಲಿ 'ಇಂಡಿಯನ್ಸ್' ಎಂಬ ಒಂದೇ ಹೆಸರಿನಡಿ ನಮ್ಮನ್ನೆಲ್ಲ ಸೇರಿಸಿದರು. 2022ರ ಏಪ್ರಿಲಿನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೊಸ ಕಂತು ಬಂದು ಅದನ್ನು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಎಂದು ನಾಲ್ಕು ಮಾಡಿತು.

ದ್ರಾವಿಡರನ್ನು ಆರಿಸಿಕೊಂಡು ಮಗ ನನಗೆ ತೋರಿಸಿದ. ಹಳ್ಳಿಗನ ಮೇಲೆ ಕ್ಲಿಕ್ ಮಾಡಿದರೆ ಅವನು ತಮಿಳಿನಲ್ಲಿ ಓಗೊಟ್ಟ. ಇಬ್ಬರಿಗೂ ನಗು ಬಂತು. ಮುನಿರ್ಕಾದ ನಮ್ಮ ಮನೆ ಮಾಲೀಕರು ಬಾಡಿಗೆ ಕೇಳಲು ಬಂದಾಗಲೆಲ್ಲ ನಮ್ಮನ್ನು 'ಮದ್ರಾಸಿ ಲಡಕೇ' ಎನ್ನುತ್ತಿದ್ದರು. ನಾವು ಕರ್ನಾಟಕದವರು ಎಂದು ತಿದ್ದಿದರೆ, ಒಂದೇ ಅಲ್ಲವೇ ಎಂದು ಕೈಯಾಡಿಸುತ್ತಿದ್ದರು. ಮೂಲ ಆಟದಲ್ಲಿ ಇಲ್ಲವೇ ಇಲ್ಲ, ಆಮೇಲೆ ಬರೀ ಇಂಡಿಯನ್, ಅದಾದ ಮೇಲೆ ತಮಿಳು ಮಾತಾಡುವ ದ್ರಾವಿಡ. ನಾನು ದೆಹಲಿಗೆ ಬಂದ ದಾರಿಯೂ ಹೆಚ್ಚುಕಮ್ಮಿ ಇದೇ. ಪೂರ್ತಿ ಸರಿಯಾಗಿಲ್ಲ, ಆದರೆ ಮೊದಲಿಗಿಂತ ಹತ್ತಿರ. ಯಾರನ್ನು ಮೂಲ ಬಿಟ್ಟುಬಿಟ್ಟಿತ್ತೋ ಅವರಿಗೆ ತಿದ್ದುಪಡಿ ಅಂದರೆ ಬಾಗಿಲು ತೆರೆದ ಹಾಗೆ. ಅಂಥವರ ಮುಂದೆ ನಿಂತು ಹಳೆಯದೇ ಚಂದವಿತ್ತು ಅನ್ನುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನೊಂದು ಮಗ್ಗುಲೂ ಇದೆ. ಹೊಸದನ್ನು ಕೊಡುವ ನೆಪದಲ್ಲಿ ಹಳೆಯದನ್ನು ಕಿತ್ತುಕೊಳ್ಳುವುದು. ಗ್ರ್ಯಾಂಡ್ ಥೆಫ್ಟ್ ಆಟೋ ಎಂಬ ಆಟ ನಮ್ಮ ಹುಡುಗರಿಗೆ ಚಿರಪರಿಚಿತ, ವೈಸ್ ಸಿಟಿ ಅಂದರೆ ಬೇಗ ಗೊತ್ತಾಗುತ್ತದೆ. 2001, 2002 ಮತ್ತು 2004ರಲ್ಲಿ ಬಂದ ಅದರ ಮೂರು ಕಂತುಗಳನ್ನು ಹೊಸದಾಗಿ ಬಣ್ಣ ಬಳಿದು 2021ರ ನವೆಂಬರಿನಲ್ಲಿ ಒಟ್ಟಿಗೆ ಬಿಟ್ಟರು. ಬಿಡುವ ಮೊದಲು ಹಳೆಯ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆಸಿದರು. ಹೊಸದರಲ್ಲಿ ಮಳೆ ಬಂದರೆ ರಸ್ತೆಯೇ ಕಾಣದಷ್ಟು ಅಧ್ವಾನ. ಆಡುವವರು ಗಲಾಟೆ ಮಾಡಿದ ಮೇಲೆ ಕಂಪನಿ ಕ್ಷಮೆ ಕೇಳಿ, ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ತನ್ನ ಅಂಗಡಿಯಲ್ಲಿ ಮತ್ತೆ ಇಟ್ಟಿತು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, 2002ರ ವಾರ್‌ಕ್ರಾಫ್ಟ್ ಮೂರಕ್ಕೆ ರೀಫೋರ್ಜ್ಡ್ ಎಂಬ ಹೊಸ ರೂಪ ಬಂದಾಗ, ಹಳೆಯದನ್ನು ದುಡ್ಡು ಕೊಟ್ಟು ಕೊಂಡಿದ್ದವರ ಆಟವೂ ಹೊಸ ತಂತ್ರಾಂಶಕ್ಕೆ ಬದಲಾಗಿಹೋಯಿತು. ಬೇಡ ಅಂದರೂ ಬಿಡಲಿಲ್ಲ. ನೀವು ಮಲಗಿದ್ದಾಗ ಯಾರೋ ಬಂದು ನಿಮ್ಮ ಮನೆಯ ಗೋಡೆಗೆ ತಮಗಿಷ್ಟದ ಬಣ್ಣ ಹೊಡೆದು ಹೋದ ಹಾಗೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯೂ ಇದೆ. ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್ ಎಂಬ 1990ರ ಆಟವನ್ನು 2009ರಲ್ಲಿ ನವೀಕರಿಸಿದಾಗ ಒಂದು ಜಾಣತನ ಮಾಡಿದರು. ಆಡುವಾಗ ಕೀಲಿಮಣೆಯ ಎಫ್-10 ಒತ್ತಿದರೆ ಹೊಸ ಚಿತ್ರ ಹೋಗಿ ಅದೇ ಜಾಗದ ಹಳೆಯ ಚಿತ್ರ ಬರುತ್ತದೆ. ಮತ್ತೆ ಒತ್ತಿದರೆ ಹೊಸದು. ಇದನ್ನು ತಿಳಿದಾಗ ಸಮಸ್ಯೆ ಬಗೆಹರಿಯಿತು ಅಂದುಕೊಂಡೆ. ಹೊಸದು ಇರಲಿ, ಹಳೆಯದೂ ಇರಲಿ, ಆರಿಸಿಕೊಳ್ಳುವವರು ಆರಿಸಿಕೊಳ್ಳಲಿ. ಜಗಳವೇ ಇಲ್ಲ.

ಆದರೆ ಊರಿನ ಮನೆಗೆ ಎಫ್-10 ಇಲ್ಲ.

ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ಅಜ್ಜ ಕಟ್ಟಿಸಿದ ಹೆಂಚಿನ ಮನೆ. ಉದ್ದದ ಜಗಲಿ, ಕತ್ತಲು ಕತ್ತಲಾದ ನಡುಮನೆ, ಮಳೆಗಾಲದಲ್ಲಿ ಅಲ್ಲಲ್ಲಿ ಪಾತ್ರೆ ಇಡಬೇಕಾದ ಮಾಡು, ಅಂಗಳ ದಾಟಿ ಹೋಗಬೇಕಾದ ಬಚ್ಚಲು. ಅಪ್ಪ ಹೋದ ಮೇಲೆ ಅಲ್ಲಿರುವುದು ಅಮ್ಮ, ಅಣ್ಣ, ಅತ್ತಿಗೆ. ಇದನ್ನು ಕೆಡವಿ ತಾರಸಿ ಮನೆ ಕಟ್ಟಬೇಕೆಂದು ಅಣ್ಣ ಹೇಳತೊಡಗಿ ಎರಡು ವರ್ಷವಾಗಿತ್ತು. ಜಾಗ ಇನ್ನೂ ಜಂಟಿ ಖಾತೆಯಲ್ಲಿದೆ. ಸಾಲಕ್ಕೆ ನನ್ನ ಸಹಿಯೂ ಬೇಕು. ನಾನು ಬೇಡ ಅಂತಲೂ ಹೇಳದೆ, ಆಯ್ತು ಅಂತಲೂ ಹೇಳದೆ, ಮುಂದಿನ ಸಲ ಬಂದಾಗ ಮಾತಾಡೋಣ ಎಂದು ದಿನ ತಳ್ಳಿದ್ದೆ.

ಅಣ್ಣ ಕೋಪಿಷ್ಠನಲ್ಲ. ಆದರೆ ಆ ನವೆಂಬರಿನ ಫೋನಿನಲ್ಲಿ ಬಿಟ್ಟುಬಿಡದೆ ಕೇಳಿದ.

"ನಿಂಗೆ ಎಂತ ತೊಂದರೆ ಅಂತ ಒಂದು ಸಲ ಹೇಳು ಮಾರಾಯ."

"ತೊಂದರೆ ಅಂತಲ್ಲ ಅಣ್ಣ. ಅಂಥ ಮನೆ ಈಗ ಕಟ್ಟೋಕಾಗತ್ತಾ? ಆ ಜಗಲಿ, ಆ ಕಂಬ… ರಾತ್ರಿ ಎಲ್ಲ ಕೂತು ಅಡಿಕೆ ಸುಲೀತಿದ್ದಿದ್ದು ನೆನಪಿಲ್ವಾ ನಿಂಗೆ?"

"ನೆನಪಿಲ್ದೆ ಎಂತ? ನೀ ಕಥೆ ಕೇಳ್ತಾ ಅಲ್ಲೇ ನಿದ್ರೆ ಹೋಗ್ತಿದ್ದೆ. ಮೆಟ್ಟುಗತ್ತಿ ಮೇಲೆ ಕೂರ್ತಿದ್ದಿದ್ದು ನಾನು, ಅಮ್ಮ. ಚೊಗರು ಹಿಡಿದ ಕೈ ತೊಳೆದರೂ ಹೋಗ್ತಿರಲಿಲ್ಲ. ಈಗ ಸುಲಿಯೋಕೆ ಮಿಷನ್ ಇದೆ. ಅದೂ ಬೇಡ ಅಂತೀಯಾ?"

ನಾನು ಸುಮ್ಮನಿದ್ದೆ. ಅವನು ಇನ್ನೊಂದು ಮಾತು ಹೇಳಿ ಫೋನಿಟ್ಟ. "ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಿದ್ದು ನಿಂಗೆ ಗೊತ್ತಲ್ಲ. ಬಚ್ಚಲು ಒಳಗಿದ್ರೆ ಬೀಳ್ತಿರಲಿಲ್ಲ."

ಗೊತ್ತಿತ್ತು. ಬಿದ್ದಾಗ ದುಡ್ಡು ಕಳಿಸಿದ್ದೆ, ದಿನಾ ಫೋನು ಮಾಡಿದ್ದೆ. ಆದರೆ ಅಮ್ಮ ಬಿದ್ದದ್ದಕ್ಕೂ ನಾನು ಸಹಿ ಹಾಕದೆ ಇದ್ದದ್ದಕ್ಕೂ ಸಂಬಂಧವಿದೆ ಎಂದು ಮನಸ್ಸು ಒಪ್ಪಿರಲಿಲ್ಲ.

ಮಗ ಕೇಳಿದ್ದ ಪ್ರಶ್ನೆ ಆಗ ಬೇರೆ ಥರ ಕೇಳಿಸತೊಡಗಿತು. ಗದ್ದೆ ತಾನಾಗಿ ಬಿತ್ತಿಕೊಂಡರೆ ಯಾರಿಗೆ ಮೋಸ? ಆಟ ಆಡುತ್ತಿರುವವನು ಅವನು. ಹಳೆಯ ಕಷ್ಟ ಅವನು ಪಡಲಿ, ನೋಡುವ ಸುಖ ನನಗಿರಲಿ ಎಂದು ನಾನು ಪಕ್ಕದ ಕುರ್ಚಿಯಲ್ಲಿ ಕೂತು ಬಯಸಿದ್ದೆ. ಊರಿನ ಮನೆಯ ವಿಷಯದಲ್ಲಿಯೂ ನಾನು ಕೂತಿದ್ದದ್ದು ಪಕ್ಕದ ಕುರ್ಚಿಯಲ್ಲಿಯೇ. ವರ್ಷಕ್ಕೆ ಹತ್ತು ದಿನ, ಅದೂ ಮಳೆ ಇಲ್ಲದ ದಿನ ನೋಡಿಕೊಂಡು ಹೋಗುತ್ತೇನೆ. ಜಗಲಿಯಲ್ಲಿ ಕಾಫಿ ಕುಡಿದು, ಆಹಾ ಎಂದು, ಫೋಟೋ ತೆಗೆದು, ಗೀಜರ್ ಇರುವ ಫ್ಲ್ಯಾಟಿಗೆ ವಾಪಸು ಬರುತ್ತೇನೆ. ನನ್ನ ಫ್ಲ್ಯಾಟನ್ನು ಎರಡು ಸಲ ನವೀಕರಿಸಿದ್ದೇನೆ, ಯಾರ ಒಪ್ಪಿಗೆಯನ್ನೂ ಕೇಳಿಲ್ಲ.

ದೂರ ಇರುವವರಲ್ಲಿ ಈ ಕಾಯಿಲೆ ಸಾಮಾನ್ಯ. ರಾವ್ ತುಲಾರಾಂ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗ ನಮ್ಮ ಮಾತು ಯಾವಾಗಲೂ ಅಲ್ಲಿಗೇ ಬರುತ್ತದೆ: ಬೆಂಗಳೂರು ಹಾಳಾಯಿತು, ಊರು ಮೊದಲಿನ ಹಾಗಿಲ್ಲ, ಈಗಿನವರ ಕನ್ನಡ ಕನ್ನಡವೇ ಅಲ್ಲ. ನಾವು ರೈಲು ಹತ್ತಿದ ದಿನ ಊರು ಹೇಗಿತ್ತೋ ಹಾಗೇ ನಿಂತಿರಬೇಕು ಎಂದು ನಮ್ಮ ಆಸೆ. ನಾವು ಮಾತ್ರ ಬದಲಾಗಬಹುದು! ಅಲ್ಲೇ ಉಳಿದವರು ನಮ್ಮ ನೆನಪಿಗೆ ಕಾವಲುಗಾರರಾಗಿ, ಸಂಬಳವಿಲ್ಲದೆ, ಸೋರುವ ಮಾಡಿನ ಕೆಳಗೆ ಕೂತಿರಬೇಕು.

ಹಾಗಾದರೆ ಹಳೆಯದನ್ನು ಬಯಸುವುದೇ ತಪ್ಪೇ? ಅಲ್ಲ ಅನ್ನಿಸುತ್ತದೆ, ಮತ್ತು ಈ ವಿಷಯದಲ್ಲಿ ಆಟದ ಹುಚ್ಚಿನವರು ನನಗಿಂತ ದೊಡ್ಡ ಮನಸ್ಸಿನವರು. ಡಾಸ್ ಕಾಲದ ಆಟಗಳು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಎಂದಾಗ ಅವರು, ಹೊಸ ಕಂಪ್ಯೂಟರ್ ಮಾಡಬೇಡಿ ಎಂದು ಯಾರ ಕೈಯನ್ನೂ ಹಿಡಿಯಲಿಲ್ಲ. ತಮ್ಮ ರಾತ್ರಿಗಳನ್ನು ಖರ್ಚು ಮಾಡಿ, ಸಂಬಳವಿಲ್ಲದೆ, ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಬರೆದರು. 2002ರಿಂದ ಅದು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾದ ಆಪಲ್ ಟೂ ಮೂಲ ಬರಹ ಕಳೆದೇಹೋಯಿತು ಎಂದು ಮೆಕ್ನರ್ ಅಂದುಕೊಂಡಿದ್ದ. 2012ರಲ್ಲಿ ಅವನ ತಂದೆ ಬೀರುವಿನಲ್ಲಿದ್ದ ಒಂದು ಪೆಟ್ಟಿಗೆ ಕಳಿಸಿದಾಗ ಅದರೊಳಗೆ ಆ ಫ್ಲಾಪಿಗಳಿದ್ದವು. ಹಳೇ ಯಂತ್ರಗಳನ್ನು ಬಲ್ಲ ಇಬ್ಬರು ಬಂದು ಅದನ್ನು ಓದಿ ಹೊರತೆಗೆದರು. ಅವನು ಅದನ್ನು ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇಟ್ಟುಬಿಟ್ಟ.

ಏಜ್ ಆಫ್ ಎಂಪೈರ್ಸ್‌ನ ಕಥೆ ಇನ್ನೂ ಸ್ವಾರಸ್ಯ. ನಾನು ಆಡಿಕೊಂಡ ಆ ಹೊಸ ಆವೃತ್ತಿಯನ್ನು ಮಾಡಿದವರು ಯಾರೆಂದು ನೋಡಿದರೆ, ಫರ್ಗಾಟನ್ ಎಂಪೈರ್ಸ್ ಎಂಬ ತಂಡಕ್ಕೆ ಅದರಲ್ಲಿ ದೊಡ್ಡ ಪಾಲು. ಆ ತಂಡ ಶುರುವಾದದ್ದು ಕಂಪನಿಯೊಳಗಲ್ಲ. ಆ ಆಟದ ಅಭಿಮಾನಿಗಳೇ ಕೂಡಿಕೊಂಡು, ಎಲ್ಲರೂ ಕೈಬಿಟ್ಟಿದ್ದ ಆಟಕ್ಕೆ ತಾವಾಗಿಯೇ ಹೊಸ ಜನಾಂಗಗಳನ್ನು ಸೇರಿಸಿದ್ದರು. ಅದೇ 2013ರಲ್ಲಿ ಅಧಿಕೃತವಾಯಿತು. ಅಂದರೆ ಹಳೆಯದನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರೇ ಅದನ್ನು ತಿದ್ದಿದವರು. ನನ್ನಂಥವರು ಸಿಡಿಯನ್ನು ಟ್ರಂಕಿನಲ್ಲಿ ಹಾಕಿ, ಅದು ಅಲ್ಲಿದೆ ಎಂದು ಹೆಮ್ಮೆ ಪಟ್ಟುಕೊಂಡು ಕೂತಿದ್ದೆವು.

ಇದರಿಂದ ನನಗೆ ಕಂಡ ನ್ಯಾಯ ಇಷ್ಟು. ಹಳೆಯದು ಬೇಕು ಎನ್ನುವ ಹಕ್ಕು ಎಲ್ಲರಿಗೂ ಇದೆ. ಆದರೆ ಅದನ್ನು ಉಳಿಸುವ ಖರ್ಚನ್ನು, ಶ್ರಮವನ್ನು, ಸೋರುವ ಮಳೆಯನ್ನು ಬೇಕು ಎನ್ನುವವನೇ ಹೊರಬೇಕು. ಹೊರಲು ಸಿದ್ಧನಿದ್ದವನಿಂದ ಹಳೆಯದನ್ನು ಕಿತ್ತುಕೊಂಡರೆ ಕಿತ್ತುಕೊಂಡವನದು ತಪ್ಪು. ಹೊರದೆ, ಇನ್ನೊಬ್ಬರ ಹೆಗಲ ಮೇಲೆ ಅದನ್ನು ಹೇರಿ ಮೂಲ ಮೂಲ ಎಂದು ಮಂತ್ರ ಹೇಳಿದರೆ ಹೇಳಿದವನದು ತಪ್ಪು. ನಾನು ಎರಡು ವರ್ಷ ಮಾಡಿದ್ದು ಈ ಎರಡನೆಯದನ್ನು. ನನ್ನ ಒರಿಜಿನಲ್‌ಗೆ ದುಡ್ಡು ಕೊಟ್ಟದ್ದು ಅಮ್ಮ, ಮಣಿಕಟ್ಟಿನಿಂದ.

ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಒಂದು ನೆರಳಿನ ಮನುಷ್ಯ ಬರುತ್ತಾನೆ. ನಡುವೆ ಒಂದು ಕನ್ನಡಿ ಅಡ್ಡ ನಿಲ್ಲುತ್ತದೆ, ರಾಜಕುಮಾರ ಅದರ ಮೂಲಕ ಹಾರಿದಾಗ ಅವನ ನೆರಳು ಬೇರೆಯಾಗಿ ಆಚೆ ಓಡಿಹೋಗುತ್ತದೆ. ಆಪಲ್ ಟೂ ಯಂತ್ರದ ನೆನಪಿನಲ್ಲಿ ಇನ್ನೊಬ್ಬ ವೈರಿಯ ಚಿತ್ರಕ್ಕೆ ಜಾಗವಿಲ್ಲದೆ, ನಾಯಕನ ಚಿತ್ರವನ್ನೇ ತಿರುಚಿ ಮೆಕ್ನರ್ ಅವನನ್ನು ಹುಟ್ಟಿಸಿದ. ಕೊನೆಯ ಹಂತದಲ್ಲಿ ಅವನು ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ಅವನಿಗೆ ಹೊಡೆದ ಪ್ರತಿ ಪೆಟ್ಟೂ ನಮಗೇ ಬೀಳುತ್ತದೆ. ಶಿವಮೊಗ್ಗದಲ್ಲಿ ಒಂದು ತಿಂಗಳು ನಾವೆಲ್ಲ ಅವನ ಕೈಯಲ್ಲಿ, ಅಂದರೆ ನಮ್ಮ ಕೈಯಲ್ಲೇ, ಸತ್ತೆವು. ಕೊನೆಗೆ ಒಬ್ಬ ಹುಡುಗ ಬೇಜಾರಾಗಿ ಕತ್ತಿಯನ್ನು ಒರೆಗೆ ಹಾಕಿದ. ನೆರಳೂ ಹಾಕಿತು. ಎರಡೂ ನಡೆದು ಬಂದು ಒಂದಾದವು.

ಅಣ್ಣನಿಗೂ ನನಗೂ ನಡೆದ ಎರಡು ವರ್ಷದ ಜಗಳ ಅಂಥದ್ದೇ. ಅವನಿಗೆ ಹೊಡೆದದ್ದೆಲ್ಲ ನಮ್ಮ ಮನೆಗೇ ಬಿತ್ತು.

ನೆಹರೂ ಪ್ಲೇಸಿನಲ್ಲಿ ಸಾವಿರ ಚಿಲ್ಲರೆ ರೂಪಾಯಿಗೆ ಹೊರಗಿನಿಂದ ಜೋಡಿಸುವ ಡಿವಿಡಿ ಡ್ರೈವ್ ಸಿಕ್ಕಿತ್ತು. ಸಿಡಿ ಮೂರು ಸಲ ಗರ್ ಎಂದು ತಿರುಗಿ, ನಾಲ್ಕನೆಯ ಸಲ ಓದಿಕೊಂಡಿತು. ಒಂದು ಗಂಟೆ ಏನೇನೋ ತಿರುಚಿದ ಮೇಲೆ ಆಟವೂ ಶುರುವಾಯಿತು. ಮಗ ಪಕ್ಕದ ಕುರ್ಚಿಯಲ್ಲಿ ಕೂತ. ಸಂಗೀತವಿಲ್ಲ, ಚಿತ್ರ ಮಸುಕು. ಆದರೂ ಮೊದಲ ಹತ್ತು ನಿಮಿಷ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಮುನಿರ್ಕಾದ ಕೋಣೆ, ಸ್ಟೌವಿನ ಮೇಲಿನ ಅನ್ನ ಸಾರು, ಈಗ ಬೇರೆ ಬೇರೆ ದೇಶದಲ್ಲಿರುವ ಆ ಮೂವರು, ಎಲ್ಲ ಬಂದು ಹೋದವು. ಹದಿನೈದನೆಯ ನಿಮಿಷಕ್ಕೆ ಗದ್ದೆಯೊಂದು ಬರಿದಾಯಿತು. ಬಿತ್ತಿದೆ. ಇನ್ನೊಂದು ಬರಿದಾಯಿತು. ಬಿತ್ತಿದೆ. ಮೂರನೆಯದಕ್ಕೆ ನನಗೇ ರೇಗಿತು.

"ಅಪ್ಪ, ಗದ್ದೆ ಖಾಲಿ," ಅಂದ ಮಗ, ನಗು ತಡೆದುಕೊಂಡು.

"ಗೊತ್ತು ಕಣೋ," ಅಂದೆ. ಆಮೇಲೆ ಅವನ ಲ್ಯಾಪ್‌ಟಾಪನ್ನು ಅವನಿಗೇ ಬಿಟ್ಟುಕೊಟ್ಟೆ. ಸಿಡಿಯನ್ನು ಎಸೆಯಲಿಲ್ಲ, ಒಳ್ಳೆಯ ಕವರ್ ಹಾಕಿ ಡ್ರೈವಿನ ಜತೆಗೇ ಇಟ್ಟಿದ್ದೇನೆ. ಆ ಡ್ರೈವಿನ ದುಡ್ಡು ನನ್ನದು. ಬೇಕೆನಿಸಿದ ದಿನ ನಾನು ಆಡಿಕೊಳ್ಳುತ್ತೇನೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ತಲುಪಿದ ದಿನ ಅಣ್ಣ ಫೋನು ಮಾಡಿದ. ಬಚ್ಚಲು ಒಳಗೇ ಬರುತ್ತದೆ, ಅಮ್ಮನ ಕೋಣೆಗೆ ಹೊಂದಿಕೊಂಡೇ, ಎಂದ. ನಾನು ಸ್ವಲ್ಪ ಅಳುಕುತ್ತಲೇ ಕೇಳಿದೆ. "ಅಣ್ಣ, ಜಗಲಿ ಕಂಬ ಎರಡು, ಆ ಮುಂಬಾಗಿಲು… ಹೊಸ ಮನೆಗೆ ಹಾಕೋಕಾಗತ್ತಾ?"

ಅವನು ಲೆಕ್ಕ ಹಾಕುವ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಬಾಗಿಲು ಹಾಕಬಹುದು. ಕಂಬಕ್ಕೆ ಗೆದ್ದಲು ಹಿಡಿದಿದೆ, ಕೊರೆದು ತೆಗೀಬೇಕು. ಅದಕ್ಕೆಲ್ಲ ಕೆಲಸ ಬಹಳ. ಆಚಾರಿ ಖರ್ಚು ನಿಂದು, ನೋಡು."

"ಆಯ್ತು," ಅಂದೆ. "ನಂದೇ."